ತಮ್ಮನನ್ನು ಬಿಡುವ ಮುಂಚೆ
ಮಾನಸಿಕ ಕಾಯಿಲೆ ಇರೋ ಹತ್ತೇ ಜನರ ಆರೈಕೆ ಮನೆ, ತಮ್ಮನನ್ನು ಅಲ್ಲಿ ಬಿಡೋ ಮುಂಚೆ ಏನು ನೋಡಬೇಕು ಅಂತ ಕೇಳಿದ್ದೀರಿ. ಗೋಡೆ ಬಣ್ಣ, ಹೂದೋಟ ಬಿಡಿ. ಹೇಳದೇ ಕೇಳದೇ ಒಂದು ಸಂಜೆ ಹೋಗಿ. ನಾನು ಹಾಗೆ ಹೋದ ಕಡೆ ಒಬ್ಬರಿಗೆ ಲೋಟ ಹಿಡಿಯಲಾಗದಷ್ಟು ಕೈ ನಡುಗುತ್ತಿತ್ತು, ಮಾತ್ರೆಯಿಂದಲೂ ಹಾಗಾಗಬಹುದು, ಆದರೆ ಯಾರಿಗೂ ಅದರ ಪರಿವೆಯೇ ಇರಲಿಲ್ಲ. ಮಾತ್ರೆ ಕೊಟ್ಟಿದ್ದನ್ನು ಬರೆದಿಡೋ ಪುಸ್ತಕ ತೋರಿಸಿ ಅನ್ನಿ. ಇಡೀ ವಾರದ ಸಹಿ ಒಂದೇ ಏಟಿಗೆ ಗೀಚಿದ ಹಾಗಿದ್ದರೆ ಹುಷಾರು. ಲಿಥಿಯಂ (ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡೋ ಮಾತ್ರೆ) ತಗೊಳ್ಳೋರಿಗೆ ರಕ್ತದಲ್ಲಿ ಅದರ ಮಟ್ಟ ಆಗಾಗ ನೋಡಿಸಲೇಬೇಕು. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕೊಡೋ ಕ್ಲೋಜಪಿನ್ ಆದರೆ ಬಿಳಿ ರಕ್ತಕಣಗಳ ಎಣಿಕೆ ಜೊತೆ ಮಲಬದ್ಧತೆ ಮೇಲೂ ಕಣ್ಣಿಡಬೇಕು (ನಗಬೇಡಿ, ಪ್ರಾಣಕ್ಕೇ ಕುತ್ತು ತರುತ್ತೆ). ರಾತ್ರಿ ಎಚ್ಚರ ಇರೋರು ಯಾರು ಅಂತಲೂ ಕೇಳಿ. ತಮ್ಮನನ್ನೂ ಒಮ್ಮೆ ಕರ್ಕೊಂಡು ಹೋಗಿ. ಅಲ್ಲಿಯವರು ಅವನ ಜೊತೆ ಮಾತಾಡ್ತಾರಾ, ಬರೀ ನಿಮ್ಮ ಜೊತೆನಾ ನೋಡಿ.