ನಾಲ್ಕಕ್ಷರದ ಟೆಸ್ಟ್ ನೋಡಿ ಸೂಪರ್‌ವೈಸರ್ ಕೆಲಸ ಬಿಡಬೇಕಾ?

ಈ ಸಲ ಮೂರು ಪತ್ರಗಳು ಒಂದೇ ವಿಷಯ ಹಿಡಿದುಕೊಂಡು ಬಂದಿವೆ: ಮುಂದೆ ನಿಂತು ಕೆಲಸ ನಡೆಸುವವರನ್ನು ಅಳೆಯುವುದು ಹೇಗೆ? ಮೊದಲನೆಯದಕ್ಕೆ ಉದ್ದ ಉತ್ತರ ಬರೆದಿದ್ದೇನೆ, ಬೇಜಾರಾಗಬೇಡಿ.

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಹೋದ ವರ್ಷದಿಂದ ಸೂಪರ್‌ವೈಸರ್ ಆಗಿದ್ದೇನೆ. ಎರಡು ಪಾಳಿ ಸೇರಿ 40 ಜನ ನನ್ನ ಕೈಕೆಳಗಿದ್ದಾರೆ. ಹೈದರಾಬಾದಿನಲ್ಲಿ ಎರಡು ದಿನದ ಟ್ರೇನಿಂಗ್‌ಗೆ ಕಳಿಸಿದ್ದರು. ಅಲ್ಲಿ ಪರ್ಸನಾಲಿಟಿ ಟೆಸ್ಟ್ ಮಾಡಿಸಿ, 'ಐಎಸ್‌ಟಿಜೆ' ಅಂತ ಬರೆದ ಹಾಳೆ ಕೊಟ್ಟರು. ನಾನು ಅಂತರ್ಮುಖಿಯಂತೆ. ಮಾಲಕರು ಅದನ್ನು ನೋಡಿ, 'ಮಂದಿ ಕೂಡ ಮಾತಾಡೋರು ಬೇಕಿತ್ತಲ್ಲಪ್ಪ ಈ ಕೆಲ್ಸಕ್ಕ' ಅಂದರು. ಒಂದು ತಿಂಗಳು ಬಿಟ್ಟು ಫೋನಿನಲ್ಲಿ ಅಂಥದ್ದೇ ಟೆಸ್ಟ್ ಮಾಡಿದೆ. 'ಇಎಸ್‌ಟಿಜೆ' ಬಂತು. ಈಗ ಬಹಿರ್ಮುಖಿ! ಯಾವುದು ಖರೆ? ನಾನು ಈ ಕೆಲಸಕ್ಕೆ ತಕ್ಕವನಲ್ಲವಾ?

ಉತ್ತರ: ಕೆಲಸ ಬಿಡಬೇಡಿ. ಆ ಹಾಳೆ ನೋಡಿಯಂತೂ ಬಿಡಲೇಬೇಡಿ.

ನಿಮಗೆ ಕೊಟ್ಟದ್ದು ಮೈಯರ್ಸ್-ಬ್ರಿಗ್ಸ್ ಮಾದರಿಯ ಟೆಸ್ಟ್. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಮನುಷ್ಯರ ಸ್ವಭಾವದ ಬಗೆಗಳ ಬಗ್ಗೆ ಬರೆದಿದ್ದ. ಅದನ್ನು ಓದಿ ಮೆಚ್ಚಿದ ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಬ್ರಿಗ್ಸ್ ಮೈಯರ್ಸ್, ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಪ್ರಶ್ನಾವಳಿ ಕಟ್ಟಿದರು. ಇಬ್ಬರೂ ಮನಶ್ಶಾಸ್ತ್ರ ಕಲಿತವರಲ್ಲ. ಅದೇ ತಪ್ಪು ಅಂತ ನಾನು ಹೇಳಲ್ಲ, ಅವರ ಶ್ರದ್ಧೆ ದೊಡ್ಡದು. ತೊಂದರೆ ಇರುವುದು ಅಕ್ಷರ ಹಂಚುವ ರೀತಿಯಲ್ಲಿ.

ನಿಮ್ಮ ಕಸುಬಿನಿಂದಲೇ ಹೇಳುತ್ತೇನೆ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ತೊಗರಿ ತಂದರೆ ತೇವಾಂಶ ನೋಡುತ್ತಾರೆ. ಶೇಕಡಾ 12 ದಾಟಬಾರದು. ಒಬ್ಬ ರೈತನ ಚೀಲ 11.9, ಪಕ್ಕದವನದು 12.1. ಒಂದು ಪಾಸ್, ಒಂದು ಫೇಲ್. ಎರಡರ ಕಾಳನ್ನೂ ಅಂಗೈಯಲ್ಲಿ ಹಾಕಿಕೊಂಡು ನೋಡಿ, ಏನಾದರೂ ಫರಕು ಗೊತ್ತಾಗುತ್ತಾ? ಖರೀದಿಗೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಸರಿ. ಆದರೆ 12.1ರ ಕಾಳು ಬೇರೆ ಜಾತಿಯದು ಅಂತ ಯಾರೂ ಹೇಳಲ್ಲ. ಈ ಟೆಸ್ಟ್ ಮಾತ್ರ ಬೇರೆ ಜಾತಿ ಅಂತಲೇ ಹೇಳುತ್ತದೆ. ಮಾತುಗಾರಿಕೆಯಲ್ಲಿ ಹೆಚ್ಚಿನ ಜನ ಮಧ್ಯದಲ್ಲೇ ಇರುತ್ತಾರೆ, ಎರಡು ತುದಿಗೆ ಇರುವವರು ಕಡಿಮೆ. ಮಧ್ಯದಲ್ಲಿ ಗೆರೆ ಎಳೆದು ಈ ಕಡೆಯವರೆಲ್ಲ 'ಐ' (ಅಂತರ್ಮುಖಿ), ಆ ಕಡೆಯವರೆಲ್ಲ 'ಇ' (ಬಹಿರ್ಮುಖಿ) ಅಂದರೆ, ಗೆರೆಯ ಹತ್ತಿರ ನಿಂತವರು ಇವತ್ತು ಇಲ್ಲಿ, ನಾಳೆ ಅಲ್ಲಿ. ಫೋನಿನ ಪುಕ್ಕಟೆ ಟೆಸ್ಟಿನ ಪ್ರಶ್ನೆಗಳೇ ಬೇರೆ, ಅದು ನಿಜ. ಆದರೆ ಅಸಲಿ ಟೆಸ್ಟನ್ನೇ ಎರಡು ಸಲ ಮಾಡಿದರೂ ಒಂದಾದರೂ ಅಕ್ಷರ ಬದಲಾಗುವವರು ಬಹಳ ಜನ. ಹಾಗಾಗಿ ಯಾವುದು ಖರೆ ಅಂದರೆ, ನೀವು ಗೆರೆಯ ಹತ್ತಿರ ಇದ್ದೀರಿ ಅನ್ನೋದೇ ಖರೆ ಇರಬೇಕು.

'ಆದರೂ ಹಾಳೆಯಲ್ಲಿ ಬರೆದದ್ದು ನನಗೆ ಸರಿಯಾಗಿ ಹೊಂದುತ್ತಿತ್ತಲ್ಲ' ಅನ್ನಬಹುದು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಕ್ಲಾಸಿನ 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟ. ವಾರದ ನಂತರ ಒಬ್ಬೊಬ್ಬರಿಗೂ 'ಇದು ನಿನ್ನ ಫಲಿತಾಂಶ' ಅಂತ ಒಂದೊಂದು ಹಾಳೆ ಹಂಚಿದ. ಎಷ್ಟು ಹೊಂದುತ್ತೆ ಅಂತ 5ಕ್ಕೆ ಅಂಕ ಕೊಡಿ ಅಂದ. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಹಾಳೆಯಲ್ಲೂ ಒಂದೇ ಬರಹ! ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು. ಜಾತ್ರೆಯಲ್ಲಿ ಗಿಳಿ ಎತ್ತಿಕೊಡುವ ಚೀಟಿಯೂ ಹಾಗೇ ಅಲ್ವಾ? ಯಾರು ಓದಿದರೂ ಅದು ಅವರದೇ ಕತೆ.

ಮಾಲಕರ ಮಾತಿಗೆ ಬರುತ್ತೇನೆ. ಅದರಲ್ಲಿ ಅರ್ಧ ಸತ್ಯವಿದೆ. ಟಿಮೊಥಿ ಜಡ್ಜ್ ಎಂಬ ಸಂಶೋಧಕ ಮತ್ತು ಸಂಗಡಿಗರು ಸ್ವಭಾವ ಮತ್ತು ನಾಯಕತ್ವದ ಮೇಲಿನ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ 2002ರಲ್ಲಿ ಲೆಕ್ಕ ಹಾಕಿದರು. ಬಹಿರ್ಮುಖತೆಗೂ ನಾಯಕತ್ವಕ್ಕೂ ನಂಟು ಇರುವುದು ಹೌದು. ಆದರೆ 'ಇವನು ಲೀಡರ್' ಅಂತ ಜನರ ಕಣ್ಣಿಗೆ ಕಾಣುವುದರ ಜೊತೆ ನಂಟು 0.33, ಲೀಡರ್ ಆದಮೇಲೆ ಚೆನ್ನಾಗಿ ಕೆಲಸ ಮಾಡುವುದರ ಜೊತೆ 0.24 ಮಾತ್ರ. ಪೂರ್ತಿ ನಂಟು ಇದ್ದರೆ 1 ಬರಬೇಕು. ಅಂದರೆ ಮಾತುಗಾರರು ಕುರ್ಚಿಗೆ ಏರುವುದು ಸ್ವಲ್ಪ ಸಲೀಸು, ಕುರ್ಚಿಯಲ್ಲಿ ಕೂತಮೇಲೆ ಮಾತಿನ ಬೆಲೆ ಇಳಿಯುತ್ತದೆ. ನೀವು ಆಗಲೇ ಕೂತಾಗಿದೆ. ಇನ್ನೊಂದು ವಿಷಯ, ಸಂದರ್ಭ ನೋಡಿ ಮಾಲಕರ ಕಿವಿಗೆ ಹಾಕಿ: ಈ ಟೆಸ್ಟ್ ನಡೆಸುವ ಮೈಯರ್ಸ್-ಬ್ರಿಗ್ಸ್ ಸಂಸ್ಥೆಯವರೇ ಇದನ್ನು ಕೆಲಸಕ್ಕೆ ಜನರನ್ನು ಆರಿಸಲು ಬಳಸಬಾರದು ಅನ್ನುತ್ತಾರೆ.

ಹಾಗಾದರೆ ಟೆಸ್ಟ್‌ಗಳೆಲ್ಲ ಸುಮ್ನೆ ದಂಡವಾ? ಅಲ್ಲ. 'ಬಿಗ್ ಫೈವ್' ಅಂತ ಒಂದಿದೆ. ಇದರಲ್ಲಿ ನಿಮ್ಮನ್ನು ಯಾವ ಗುಂಪಿಗೂ ಹಾಕುವುದಿಲ್ಲ. ಹೊಸತರ ಕಡೆ ಒಲವು, ಅಚ್ಚುಕಟ್ಟುತನ, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಆತಂಕ ಇವು ಐದರಲ್ಲಿ ನೀವು ಎಷ್ಟು ಅನ್ನೋದನ್ನು ಅಳೆಯುತ್ತದೆ. ಸಂಶೋಧಕರು ನೆಚ್ಚುವುದು ಇದನ್ನೇ. ಇದರ ಪ್ರಶ್ನೆಗಳು ಪುಕ್ಕಟೆಯಾಗಿ ಸಿಗುತ್ತವೆ, ದುಡ್ಡು ಕೊಡಬೇಡಿ.

ಆದರೆ ಯಾವ ಟೆಸ್ಟಾದರೂ ಒಂದು ಮಿತಿ ಇದ್ದೇ ಇದೆ. ಉತ್ತರ ಬರೆಯುವವರು ನೀವೇ. ಮಾರ್ಕೆಟ್ ಯಾರ್ಡಿನಲ್ಲಿ ಖರೀದಿದಾರ ಚೀಲದ ಬಾಯಿ ಬಿಚ್ಚಿ ಮೇಲಿನ ಹಿಡಿ ನೋಡಿ ರೇಟು ಹೇಳಲ್ಲ. ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ ಒಳಗಿನ ಕಾಳು ತೆಗೆದು ನೋಡುತ್ತಾನೆ. ನಮ್ಮ ಬಗ್ಗೆ ನಾವೇ ತುಂಬಿದ ಟೆಸ್ಟ್ ಅಂದರೆ ಆ ಮೇಲಿನ ಹಿಡಿ ಇದ್ದಂತೆ.

ನನ್ನದೇ ಹೇಳುತ್ತೇನೆ. ಹಿಂದೆ ನಾನು ಒಂದು ಆಫೀಸಿನಲ್ಲಿ ಆರು ಜನರ ತಂಡ ನೋಡಿಕೊಳ್ಳುತ್ತಿದ್ದೆ. 'ಇತರರ ಮಾತನ್ನು ಗಮನವಿಟ್ಟು ಕೇಳುತ್ತೇನೆ' ಅನ್ನುವ ಪ್ರಶ್ನೆಗೆ ಕಣ್ಣುಮುಚ್ಚಿ 5ಕ್ಕೆ 5 ಹಾಕಿಕೊಂಡೆ. ಆಮೇಲೆ ತಂಡದವರನ್ನು ಕೇಳಿದರೆ ಸರಾಸರಿ 2 ಬಂತು. ಒಬ್ಬ ಹುಡುಗಿ ಧೈರ್ಯ ಮಾಡಿ ಹೇಳಿದಳು: 'ಮೇಡಂ, ನಾವು ಅರ್ಧ ಹೇಳೋದ್ರಾಗ ನೀವು ಪೆನ್ನಿನ ಟೋಪಿ ಹಾಕ್ತೀರಿ. ಅಲ್ಲಿಗೆ ಮಾತು ಮುಗೀತು ಅಂತ ನಮಗ ಗೊತ್ತಾಗ್ತದ.' ಪೆನ್ನಿನ ಟೋಪಿ! ಯಾವ ಟೆಸ್ಟ್ ಇದನ್ನು ಹೇಳುತ್ತಿತ್ತು? ಎರಡು ದಿನ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಟೋಪಿ ಇಲ್ಲದ ಪೆನ್ನು ತಂದುಕೊಂಡೆ.

ನೀವು ಹೀಗೆ ಮಾಡಿ. ಬಿಗ್ ಫೈವ್ ಟೆಸ್ಟ್ ತುಂಬಿ, ನಿಮಗೆ ಕಿರಿಕಿರಿ ಅನ್ನಿಸಿದ ಒಂದೇ ಒಂದು ಅಂಶ ಎತ್ತಿಕೊಳ್ಳಿ. ಬಹಿರ್ಮುಖತೆ ಕಡಿಮೆ ಬಂತು ಅಂದುಕೊಳ್ಳೋಣ. 'ನಾನು ಮಾತುಗಾರ ಆಗಬೇಕು' ಅಂತ ಹಟ ಹಿಡಿಯಬೇಡಿ, ಆಗಲ್ಲ. ಪಾಳಿ ಬದಲಾಗುವ ಹತ್ತು ನಿಮಿಷ ಹಿಡಿಯಿರಿ. ಹೋಗುವ ಪಾಳಿಯವರು ಬರುವ ಪಾಳಿಯವರಿಗೆ ಏನು ಹೇಳಿದರು? ರೋಲರ್ ಬಿಸಿಯಾಗುತ್ತಿತ್ತಾ, ಒಣಗಿಸಿದ ಕಾಳು ಸರಿ ಇತ್ತಾ, ನುಚ್ಚು ಜಾಸ್ತಿ ಬಂತಾ? ನೀವು ಏನು ಕೇಳಿದಿರಿ? ಜೇಬಿನ ಡೈರಿಯಲ್ಲಿ ಹದಿನೈದು ದಿನ ಇಷ್ಟನ್ನೇ ಬರೆಯಿರಿ.

ಆಮೇಲೆ ಮೂವರನ್ನು, ಒಬ್ಬೊಬ್ಬರ ಹತ್ತಿರ ಬೇರೆ ಬೇರೆಯಾಗಿ ಕೂತು ಕೇಳಿ. ಒಬ್ಬ ಮಶೀನ್ ಆಪರೇಟರ್, ಒಬ್ಬ ಹಳೆಯ ಹಮಾಲ, ಇನ್ನೊಬ್ಬ ನಿಮ್ಮ ಸರಿಸಮನಾದ ಮುನೀಮನೋ ಸ್ಟೋರಿನವನೋ. 'ನಾನು ಹೆಂಗಿದ್ದೀನಿ' ಅಂತ ಕೇಳಿದರೆ 'ಛಲೋ ಇದ್ದೀರಿ ಸಾಹೇಬ್ರ' ಅನ್ನುತ್ತಾರೆ, ಮುಗೀತು. 'ನಾನು ಏನು ಮಾಡೋದು ಬಿಟ್ಟರೆ ನಿಮ್ಮ ಕೆಲಸ ಹಗುರ ಆಗ್ತದ?' ಅಂತ ಕೇಳಿ. ಒಬ್ಬ ಹಮಾಲ ಹೀಗೆ ಅನ್ನಬಹುದು: 'ನೀವು ಸುಮ್ಮ ಬಂದು ಹಿಂದ ನಿಂತ್ರ ನಮಗ ಕೈ ನಡಗ್ತಾವ್ರಿ. ಏನರ ಒಂದು ಮಾತಾಡ್ರಿ.' ಆಗ ನಿಮಗೆ ಬೇಕಿರುವುದು ಭಾಷಣ ಮಾಡುವ ಶಕ್ತಿ ಅಲ್ಲ. ಹೋಗಿ ನಿಂತಾಗ 'ಏನ್ ಕಾಕಾ, ಇವತ್ತು ಎಷ್ಟು ಚೀಲ ಆತು?' ಅನ್ನುವ ಒಂದು ಮಾತು.

ಪ್ರಶ್ನೆ: ನಾನು ಬೀದರ ಜಿಲ್ಲೆಯ ಒಂದು ಪ್ರೌಢಶಾಲೆಯ ಮುಖ್ಯ ಶಿಕ್ಷಕಿ. ಒಂಬತ್ತು ಜನ ಶಿಕ್ಷಕರಿದ್ದಾರೆ. ಹೋದ ವರ್ಷ ಹೆಸರು ಬರೆಯದೆ ನನ್ನ ಬಗ್ಗೆ ಅಭಿಪ್ರಾಯ ಬರೆದುಕೊಡಿ ಅಂದೆ. ಒಬ್ಬರು ಬಹಳ ಕಟುವಾಗಿ ಬರೆದರು. ವಾರಗಟ್ಟಲೆ ಅಕ್ಷರ ಯಾರದು ಅಂತ ನೋಡುವುದೇ ಆಯಿತು. ಮತ್ತೆ ಕೇಳಲಾ, ಬೇಡವಾ?

ಉತ್ತರ: ಕೇಳಿ. ಆದರೆ ಹಾಗೆ ಕೇಳಬೇಡಿ.

ಒಂಬತ್ತು ಜನರಲ್ಲಿ ಗುಟ್ಟು ಉಳಿಯುವುದಿಲ್ಲ. 'ಲ್ಯಾಬಿನ ಸಾಮಾನು' ಅಂತ ಬರೆದರೆ ಸಾಕು, ವಿಜ್ಞಾನದ ಮೇಷ್ಟ್ರು ಸಿಕ್ಕಿಬಿದ್ದರು. ಅದಕ್ಕೆ ಬರೆಯುವ ಜಾಗವೇ ಇಡಬೇಡಿ. ಕಣ್ಣಿಗೆ ಕಾಣುವ ನಡವಳಿಕೆಯ ಎಂಟು ಹತ್ತು ವಾಕ್ಯ ಬರೆದು 1ರಿಂದ 5 ಅಂಕ ಕೇಳಿ. 'ವೇಳಾಪಟ್ಟಿ ಬದಲಿಸುವ ಮೊದಲು ನಮ್ಮನ್ನು ಕೇಳುತ್ತಾರೆ.' 'ಮಕ್ಕಳ ಮುಂದೆ ನಮ್ಮ ತಪ್ಪು ಎತ್ತಿ ಆಡುವುದಿಲ್ಲ.' ಇಂಥವು. 'ಒಳ್ಳೆಯ ಸ್ವಭಾವದವರು' ಅನ್ನುವ ಸಾಲು ಹಾಕಬೇಡಿ. ಅದರಿಂದ ಏನೂ ತಿದ್ದಿಕೊಳ್ಳಲು ಆಗಲ್ಲ. ಊರಿನ ಒಬ್ಬ ನಿವೃತ್ತ ಮುಖ್ಯ ಶಿಕ್ಷಕರ ಕೈಗೆ ಹಾಳೆಗಳು ಹೋಗಲಿ. ಅವರು ಸರಾಸರಿ ಮಾತ್ರ ನಿಮಗೆ ಕೊಟ್ಟು, ಹಾಳೆ ಹರಿದು ಹಾಕಲಿ. ನೀವು ಅಕ್ಷರ ನೋಡುವ ಪ್ರಮೇಯವೇ ಬರಲ್ಲ.

ಮುಖ್ಯವಾದದ್ದು: ಫಲಿತಾಂಶ ಬರುವ ಮೊದಲೇ ಅದೇ ಹಾಳೆಯನ್ನು ನಿಮ್ಮ ಬಗ್ಗೆ ನೀವೂ ತುಂಬಿಡಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದಂಕಕ್ಕಿಂತ ಜಾಸ್ತಿ ಅಂತರ ಇರುವ ಸಾಲುಗಳನ್ನು ಮಾತ್ರ ನೋಡಿ. 1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದಕ್ಕೆ ನಾಲ್ಕು ಮನೆಯ ಒಂದು ಚಿತ್ರ ಕೊಟ್ಟರು. ನನಗೂ ಗೊತ್ತು, ಇತರರಿಗೂ ಗೊತ್ತು. ನನಗೆ ಗೊತ್ತು, ಇತರರಿಗೆ ಗೊತ್ತಿಲ್ಲ. ಇತರರಿಗೆ ಗೊತ್ತು, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ತಮ್ಮಿಬ್ಬರ ಹೆಸರು ಕೂಡಿಸಿ 'ಜೊಹಾರಿ ಕಿಟಕಿ' ಅಂದರು. ಉರ್ದು ಬಲ್ಲ ಬೀದರದವರಿಗೆ ಜೌಹರಿ ಅಂದರೆ ರತ್ನದ ಬೆಲೆ ಕಟ್ಟುವವನು ಅಂತ ನೆನಪಾದೀತು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಕಟು ಪತ್ರ ಮೂರನೇ ಮನೆಯದು. ಅಂತರ ಉಲ್ಟಾ ಇರುವ ಸಾಲುಗಳೂ ಇರುತ್ತವೆ. ನೀವು 2 ಹಾಕಿಕೊಂಡಲ್ಲಿ ಅವರು 4 ಕೊಟ್ಟಿರುತ್ತಾರೆ. ಅದನ್ನೂ ಗುರುತು ಹಾಕಿಕೊಳ್ಳಿ, ಹೆಣ್ಣುಮಕ್ಕಳು ಅದನ್ನು ದಾಟಿ ಮುಂದೆ ಹೋಗೋದು ನಾನು ಬಹಳ ನೋಡಿದ್ದೇನೆ.

ಹದಿನೈದು ದಿನದೊಳಗೆ ಸ್ಟಾಫ್ ಮೀಟಿಂಗಿನಲ್ಲಿ ಹೇಳಿಬಿಡಿ: ಇದು ಬದಲಿಸುತ್ತೇನೆ, ಇದು ಆಗಲ್ಲ, ಯಾಕೆ ಆಗಲ್ಲ ಅಂದರೆ ಹೀಗೆ. ಕೇಳಿ ಸುಮ್ಮನಾದರೆ ಮುಂದಿನ ಸಲ ಎಲ್ಲರೂ ಎಲ್ಲದಕ್ಕೂ 5 ಕೊಡುತ್ತಾರೆ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ನಮ್ಮ ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ ಹೊಸ ಅಧ್ಯಕ್ಷೆ ಬೇಕು. ಯಾರೋ ವಾಟ್ಸಾಪಿನಲ್ಲಿ 'ನಾಯಕಿ ಟೆಸ್ಟ್' ಕಳಿಸಿದ್ದಾರೆ. ಅದರಲ್ಲಿ ಜಾಸ್ತಿ ಅಂಕ ಬಂದವರನ್ನು ಆರಿಸಬಹುದಾ?

ಉತ್ತರ: ಬೇಡ. ಗೆಲ್ಲಬೇಕು ಅಂತ ಗೊತ್ತಿದ್ದಾಗ ಯಾರು ತಾನೇ ತಮಗೆ ಕಡಿಮೆ ಅಂಕ ಹಾಕಿಕೊಳ್ಳುತ್ತಾರೆ?

ಮೇಲಾಗಿ ಇಂಗ್ಲಿಷಿನಿಂದ ಹಾಗೇ ಇಳಿಸಿದ ಪ್ರಶ್ನೆಗಳು. 'ಪಾರ್ಟಿಯಲ್ಲಿ ಎಲ್ಲರ ಗಮನ ನನ್ನ ಮೇಲಿರುತ್ತದೆ' ಅನ್ನುವ ಸಾಲನ್ನು ನಾನೇ ಒಂದು ಹಳ್ಳಿಯ ಸಂಘದಲ್ಲಿ ಓದಿ ಹೇಳಿದ್ದೆ. ಒಬ್ಬ ಅಕ್ಕ ಕೇಳಿದರು: 'ಯಾವ ಪಾರ್ಟಿ ರೀ? ಎಲೆಕ್ಷನ್ನಿಂದಾ?'

ಆಸೆ ಇರುವ ಮೂವರಿಗೆ ಒಂದೊಂದು ತಿಂಗಳ ಸಭೆ ನಡೆಸಲು ಕೊಡಿ. ಠರಾವು ಪುಸ್ತಕ ಬರೆಯುವವರಿಗೆ ಹೇಳಿ, ಬಾಗಿಲ ಹತ್ತಿರ ಕೂರುವ, ಎಂದೂ ಬಾಯಿ ಬಿಡದ ಹೆಂಗಸರು ಯಾರು ಮಾತಾಡಿದರು ಅಂತ ಹೆಸರು ಬರೆದಿಡಲಿ. ಮೂರನೇ ತಿಂಗಳು ಆ ಪುಟಗಳನ್ನು ಎಲ್ಲರ ಮುಂದೆ ಓದಿ, ಆಮೇಲೆ ಕೈ ಎತ್ತಿಸಿ.