ಯೂರಿಯಾ ನಿಲ್ಲಿಸಿದರೆ ಮಣ್ಣು ತಾನಾಗಿ ಸುಧಾರಿಸುತ್ತದೆಯೇ?

ಸಾವಯವ ಮತ್ತು ರಾಸಾಯನಿಕ ಕೃಷಿಯಿಂದ ಮಣ್ಣಿನ ಫಲವತ್ತತೆಯ ಮೇಲಾಗುವ ಪರಿಣಾಮ ಕುರಿತು ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಹದಿನೈದು ವರ್ಷಗಳಿಂದ ಯೂರಿಯಾ, ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ರಸಗೊಬ್ಬರ) ಮಾತ್ರ ಹಾಕುತ್ತ ಬಂದಿದ್ದೇವೆ. ಮಣ್ಣು ಗಟ್ಟಿಯಾಗಿದೆ, ಎರೆಹುಳು ಕಾಣುವುದೇ ಇಲ್ಲ. ರಸಗೊಬ್ಬರವೇ ಮಣ್ಣನ್ನು ಸಾಯಿಸಿತೇ?

ಉತ್ತರ: ನೀವು ಹಾಕಿದ್ದಕ್ಕಿಂತ ಹಾಕದೇ ಬಿಟ್ಟದ್ದರಿಂದಲೇ ಇಲ್ಲಿ ಹೆಚ್ಚು ಹಾನಿಯಾಗಿದೆ. ಮಣ್ಣಿನ ಕಣಗಳನ್ನು ಸಣ್ಣ ಸಣ್ಣ ಹರಳುಗಳಾಗಿ ಹಿಡಿದಿಡುವುದು ಶಿಲೀಂಧ್ರದ ಎಳೆಗಳು ಮತ್ತು ಸೂಕ್ಷ್ಮಜೀವಿಗಳು ಸ್ರವಿಸುವ ಅಂಟು. ಈ ಜೀವಿಗಳಿಗೆ ಆಹಾರವಾಗಿ ಇಂಗಾಲ ಬೇಕು, ಅದು ರಸಗೊಬ್ಬರದಿಂದ ಸಿಗುವುದಿಲ್ಲ. ಕೂಳೆ ಸುಟ್ಟು, ಹುಲ್ಲು-ದಂಟನ್ನೆಲ್ಲ ಹೊರಗೆ ಸಾಗಿಸಿ, ವರ್ಷಕ್ಕೆ ಹಲವು ಸಲ ಉತ್ತು, ಹಸಿ ನೆಲದ ಮೇಲೆ ಟ್ರ್ಯಾಕ್ಟರ್ ಓಡಿಸಿದರೆ ರಸಗೊಬ್ಬರವೇ ಹಾಕದ ಹೊಲವೂ ಗಟ್ಟಿಯಾಗುತ್ತದೆ.

ಇದಕ್ಕೆ ಬಲವಾದ ಸಾಕ್ಷಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ನಡೆಯುತ್ತಿರುವ ಬ್ರಾಡ್‌ಬಾಕ್ ಗೋಧಿ ಪ್ರಯೋಗ. ಅಲ್ಲಿ ರಸಗೊಬ್ಬರ ಮಾತ್ರ ಪಡೆದ ತಾಕುಗಳಲ್ಲಿ ಸಾವಯವ ಇಂಗಾಲ ಏನನ್ನೂ ಹಾಕದ ತಾಕಿಗಿಂತ ತುಸು ಹೆಚ್ಚೇ ಇದೆ. ಬೆಳೆ ದೊಡ್ಡದಾದಷ್ಟೂ ಬೇರು, ಕೂಳೆ ಹೆಚ್ಚಾಗಿ ನೆಲಕ್ಕೆ ಸೇರುತ್ತದೆ. ಆದರೆ ವರ್ಷವೂ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ ಪಡೆದ ತಾಕಿನಲ್ಲಿ ಇಂಗಾಲ ಇವುಗಳ ಎರಡು ಪಟ್ಟಿಗೂ ಮೀರಿದೆ. ಎಕರೆಗೆ ಲೆಕ್ಕ ಹಾಕಿದರೆ ಅದು 14 ಟನ್, ಎಲ್ಲರಿಗೂ ಹೊಂದಿಸಲಾಗದ ಪ್ರಮಾಣ ಎಂಬುದನ್ನೂ ಮರೆಯಬಾರದು.

ರಸಗೊಬ್ಬರದ ನೇರ ಹಾನಿಯೂ ಒಂದಿದೆ: ಹುಳಿಯಾಗುವಿಕೆ. ಅಮೋನಿಯಂ ರೂಪದ ಸಾರಜನಕ ನೈಟ್ರೇಟ್ ಆಗುವಾಗ ಆಮ್ಲ ಬಿಡುಗಡೆಯಾಗುತ್ತದೆ. 100 ಕೆಜಿ ಅಮೋನಿಯಂ ಸಲ್ಫೇಟ್ ಹುಟ್ಟಿಸುವ ಆಮ್ಲವನ್ನು ತಣಿಸಲು ಸುಮಾರು 110 ಕೆಜಿ ಸುಣ್ಣದ ಕಲ್ಲಿನ ಪುಡಿ ಬೇಕು, 100 ಕೆಜಿ ಯೂರಿಯಾಕ್ಕೆ ಸುಮಾರು 80 ಕೆಜಿ. ಸುಣ್ಣದ ಅಂಶವುಳ್ಳ ಮಣ್ಣಿನಲ್ಲಿ ಇದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಮರಳು ಮಿಶ್ರಿತ ಮಣ್ಣಿನಲ್ಲಿ ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ, ಎರೆಹುಳುಗಳೂ ಕಡಿಮೆಯಾಗುತ್ತವೆ.

ನಿಮ್ಮ ಹೊಲದಲ್ಲಿ ಆಗಿದ್ದೇನು ಎಂದು ಮನೆಯಲ್ಲೇ ನೋಡಬಹುದು. ಹೊಲದಿಂದ ಒಂದು, ಉಳುಮೆ ಕಾಣದ ಬದುವಿನಿಂದ ಒಂದು, ಹೀಗೆ ಗೋಲಿ ಗಾತ್ರದ ಎರಡು ಹೆಂಟೆಗಳನ್ನು ನೆರಳಲ್ಲಿ ಪೂರ್ತಿ ಒಣಗಿಸಿ. ಎರಡು ಗಾಜಿನ ಲೋಟಗಳಲ್ಲಿ ಮಳೆನೀರು ತುಂಬಿ ಮೆಲ್ಲಗೆ ಇಳಿಸಿ, ಅಲುಗಾಡಿಸಬೇಡಿ. ಐದು ನಿಮಿಷದೊಳಗೆ ಹೊಲದ ಹೆಂಟೆ ಕುಸಿದು, ಬದುವಿನದು ಹಾಗೇ ಉಳಿದರೆ ಸಾವಯವ ಪದಾರ್ಥದ ಕೊರತೆ. ಹೆಂಟೆಯ ಸುತ್ತ ಹಾಲಿನಂಥ ಮಂಜು ಹರಡಿ ಗಂಟೆಗಟ್ಟಲೆ ತಿಳಿಯಾಗದಿದ್ದರೆ ಸೋಡಿಯಂ ಹೆಚ್ಚಿರುವ ಶಂಕೆ. ಆಗ ಗೊಬ್ಬರಕ್ಕಿಂತ ಮೊದಲು ಬಸಿಗಾಲುವೆ ಮತ್ತು ಪರೀಕ್ಷೆ ಆಧರಿಸಿದ ಪ್ರಮಾಣದ ಜಿಪ್ಸಂ ಬೇಕು. ಉಪ್ಪು ನೀರಿನಲ್ಲಿ ಈ ಮಂಜು ಏಳುವುದಿಲ್ಲ, ಅದಕ್ಕೇ ಮಳೆನೀರು ಎಂದದ್ದು.

ಪ್ರಶ್ನೆ: ರಸಗೊಬ್ಬರವನ್ನು ಒಮ್ಮೆಲೇ ಬಿಟ್ಟು ಎಕರೆಗೆ 2 ಟನ್ ಕೊಟ್ಟಿಗೆ ಗೊಬ್ಬರ ಹಾಕಿದೆವು. ಮೆಕ್ಕೆಜೋಳ ಮೊಣಕಾಲೆತ್ತರದಲ್ಲೇ ಹಳದಿಗೆ ತಿರುಗಿತು. ಎಲ್ಲಿ ತಪ್ಪಿದೆ?

ಉತ್ತರ: ಲೆಕ್ಕದಲ್ಲಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5. ಅಂದರೆ ಟನ್ನಿಗೆ 5 ಕೆಜಿ, ನಿಮ್ಮ 2 ಟನ್ನಿಗೆ 10 ಕೆಜಿ. ಅದರಲ್ಲೂ ಮೊದಲ ಬೆಳೆಗೆ ಸಿಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು, ಮೂರು ಕೆಜಿ ಚಿಲ್ಲರೆ. ಎಕರೆಗೆ 25 ಕ್ವಿಂಟಲ್ ಕಾಳು ಕೊಡುವ ಮೆಕ್ಕೆಜೋಳ 50 ಕೆಜಿ ಆಸುಪಾಸು ಸಾರಜನಕ ಹೀರುತ್ತದೆ. ಮಣ್ಣು ತನ್ನಲ್ಲಿದ್ದದ್ದನ್ನು ಸ್ವಲ್ಪ ಕೊಟ್ಟರೂ ಅಂತರ ದೊಡ್ಡದು.

ಗೊಬ್ಬರ ಅರೆಕಳಿತದ್ದಾಗಿದ್ದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಒಣಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 80 ಪಾಲು ಇಂಗಾಲವಿರುತ್ತದೆ. ಈ ಅನುಪಾತ 30ಕ್ಕಿಂತ ಹೆಚ್ಚಿರುವ ಯಾವುದನ್ನೇ ಮಣ್ಣಿಗೆ ಸೇರಿಸಿದರೂ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ. ಬೆಳೆ ಕೆಲವು ವಾರ ಉಪವಾಸ ಬೀಳುತ್ತದೆ. ಹಾಕುವ ಗೊಬ್ಬರ ಕಪ್ಪಗಿರಬೇಕು, ಪುಡಿಪುಡಿಯಾಗಿರಬೇಕು, ಹುಲ್ಲಿನ ಎಳೆ ಗುರುತು ಸಿಗಬಾರದು, ರಾಶಿಯೊಳಗೆ ಕೈ ಇಟ್ಟರೆ ಬಿಸಿ ತಾಗಬಾರದು.

ಬದಲಾವಣೆಯನ್ನು ಮೂರು-ನಾಲ್ಕು ವರ್ಷಕ್ಕೆ ಹಂಚಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಹೆಚ್ಚಿದ್ದರೆ ಡಿಎಪಿಯನ್ನು ಈ ವರ್ಷವೇ ನಿಲ್ಲಿಸಬಹುದು, ಏಕೆಂದರೆ ರಂಜಕ ಮಣ್ಣಿನಲ್ಲಿ ಕೂಡಿಕೊಂಡಿರುತ್ತದೆ. ಸಾರಜನಕ ಹಾಗಲ್ಲ. ಅದನ್ನು ವರ್ಷಕ್ಕೆ ಕಾಲುಭಾಗದಂತೆ ಇಳಿಸಿ, ಅದೂ ಬಿತ್ತನೆ ವೇಳೆಯ ಕಂತಿನಿಂದ. ಬೆಳೆ ಬೆಳೆಯುತ್ತಿರುವಾಗ ಕೊಡುವ ಮೇಲುಗೊಬ್ಬರದ ಕಂತನ್ನು ಕೊನೆಯವರೆಗೆ ಉಳಿಸಿಕೊಳ್ಳಿ. ಯೂರಿಯಾ ಚೆಲ್ಲಿ ಮೇಲೆಯೇ ಬಿಟ್ಟರೆ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಸಾಲಿನ ಪಕ್ಕ ಐದು ಸೆಂಟಿಮೀಟರ್ ಆಳಕ್ಕೆ ಹಾಕಿ ಮಣ್ಣು ಮುಚ್ಚಿದರೆ ಕಡಿಮೆ ಪ್ರಮಾಣವೂ ಸಾಕಾಗುತ್ತದೆ.

ಖಾಲಿಯಾದ ಜಾಗವನ್ನು ತುಂಬುವುದು ಹಸಿರೆಲೆ ಗೊಬ್ಬರ. ಎಕರೆಗೆ 20 ಕೆಜಿ ಅಪ್ಸೆಣಬು ಅಥವಾ ಡಯಾಂಚ ಬಿತ್ತಿ, 45ರಿಂದ 50 ದಿನಕ್ಕೆ, ಹೂ ಕಾಣುತ್ತಿದ್ದಂತೆ ಮಣ್ಣಿಗೆ ಸೇರಿಸಿ. ಬೆಳೆ ಸೊಂಪಾಗಿದ್ದರೆ 25ರಿಂದ 30 ಕೆಜಿ ಸಾರಜನಕ ಸಿಗುತ್ತದೆ. ಕಾಯಿ ಕಟ್ಟುವವರೆಗೆ ಬಿಟ್ಟರೆ ಕಾಂಡ ನಾರಾಗಿ, ಮೇಲೆ ಹೇಳಿದ ಇಂಗಾಲದ ತೊಂದರೆಯೇ ಎದುರಾಗುತ್ತದೆ. ಸೇರಿಸಿದ ಎರಡು ವಾರದ ನಂತರ, ತೇವ ಇದ್ದಾಗ ಮುಖ್ಯ ಬೆಳೆ ಬಿತ್ತಿ. ಒಣ ನೆಲದಲ್ಲಿ ಸೊಪ್ಪು ಕೊಳೆಯದೆ ಗೆದ್ದಲಿನ ಪಾಲಾಗಬಹುದು.

ಪ್ರಶ್ನೆ: ಜೀವಾಮೃತ ಒಂದರಿಂದಲೇ ಬೆಳೆಯ ಪೋಷಕಾಂಶ ಪೂರೈಸಬಹುದೇ?

ಉತ್ತರ: ಸಾಧ್ಯವಿಲ್ಲ. ಎಕರೆಗೆ ಬಳಸುವ 200 ಲೀಟರ್ ದ್ರಾವಣದಲ್ಲಿ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು ಇರುತ್ತವೆ. ಇವೆಲ್ಲದರ ಸಾರಜನಕ ಸೇರಿಸಿದರೂ ಸುಮಾರು 200 ಗ್ರಾಂ. ನೆಲದ ಮೇಲೆ ದಪ್ಪ ಮುಚ್ಚಿಗೆ ಇರುವಲ್ಲಿ ಜೊತೆಗೆ ಬಳಸುವುದಾದರೆ ಬಳಸಿ, ಆದರೆ ಗೊಬ್ಬರದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಪ್ರಶ್ನೆ: ಮಣ್ಣು ಪರೀಕ್ಷೆಯ ವರದಿಯಲ್ಲಿ ಸಾವಯವ ಇಂಗಾಲ ಶೇ. 0.4 ಎಂದಿದೆ. 0.8ಕ್ಕೆ ಏರಿಸಲು ಎಷ್ಟು ವರ್ಷ ಬೇಕು?

ಉತ್ತರ: ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 900 ಟನ್. ಅದರಲ್ಲಿ ಶೇ. 0.4 ಏರಿಕೆ ಎಂದರೆ 3.6 ಟನ್ ಇಂಗಾಲ. ವರ್ಷಕ್ಕೆ ಹಾಕುವ 5 ಟನ್ ಕೊಟ್ಟಿಗೆ ಗೊಬ್ಬರದಲ್ಲಿ ತೇವ ಕಳೆದರೆ ಇಂಗಾಲ ಒಂದು ಟನ್ನಿಗೂ ಕಡಿಮೆ, ಅದರಲ್ಲಿ ಬಹುಪಾಲು ಕೊಳೆಯುವಾಗ ಗಾಳಿ ಸೇರಿ, ಮಣ್ಣಿನಲ್ಲಿ ನೆಲೆಯಾಗುವುದು ನೂರು-ನೂರೈವತ್ತು ಕೆಜಿ. ಗೊಬ್ಬರವೊಂದನ್ನೇ ನಂಬಿದರೆ ಇಪ್ಪತ್ತೈದು ವರ್ಷ ದಾಟುತ್ತದೆ. ಎರಡೇ ವರ್ಷದಲ್ಲಿ ದುಪ್ಪಟ್ಟು ಎಂಬ ಮಾತನ್ನು ನಂಬಬೇಡಿ.

ವೇಗ ಹೆಚ್ಚಿಸುವುದು ಬೇರು. ಮಣ್ಣಿನೊಳಗೇ ಬೆಳೆದು ಸಾಯುವ ಬೇರಿನ ಇಂಗಾಲ ಮೇಲಿನಿಂದ ಹಾಕಿದ ಸೊಪ್ಪಿಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಎರಡು ಬೆಳೆಗಳ ನಡುವೆ ನೆಲ ಖಾಲಿ ಬಿಡದಿರುವುದು, ಕೂಳೆ ಸುಡದಿರುವುದು, ಉಳುಮೆ ಕಡಿಮೆ ಮಾಡುವುದು, ಈ ಮೂರನ್ನೂ ಗೊಬ್ಬರದ ಜೊತೆ ಸೇರಿಸಿ. ಗಳಿಸಿದ್ದು ಬೇಗ ಕರಗುವುದೂ ಇಲ್ಲ: ರಾಥಮ್‌ಸ್ಟೆಡ್‌ನ ಇನ್ನೊಂದು ಹೊಲದಲ್ಲಿ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಹಾಕಿದ ತಾಕಿನಲ್ಲಿ ನೂರು ವರ್ಷಗಳ ಮೇಲೂ ಇಂಗಾಲ ಪಕ್ಕದ ತಾಕಿಗಿಂತ ಹೆಚ್ಚಿತ್ತು.

ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಸಾಕು, ಆದರೆ ಅದೇ ತಿಂಗಳು, ಅದೇ ಆಳ, ಅದೇ ಪ್ರಯೋಗಾಲಯ ಇರಲಿ. ಅಳೆಯುವ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಗೊಬ್ಬರ ಹಾಕುವ ಮುನ್ನ, ಅಂಕುಡೊಂಕಾಗಿ ನಡೆಯುತ್ತ 15-20 ಕಡೆ ‘ವಿ’ ಆಕಾರದ ಗುಂಡಿ ತೋಡಿ, ಬದಿಯಿಂದ 15 ಸೆಂಟಿಮೀಟರ್ ಆಳದವರೆಗೆ ಒಂದೇ ದಪ್ಪದ ಪದರ ಕೆತ್ತಿ ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ. ಗೊಬ್ಬರ ರಾಶಿ ಇದ್ದ ಜಾಗ, ಮರದಡಿ, ಬದುವಿನ ಅಂಚು ಬೇಡ. ಎಲ್ಲ ಬೆರೆಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಡುತ್ತ ಅರ್ಧ ಕೆಜಿಗೆ ಇಳಿಸಿ, ನೆರಳಲ್ಲಿ ಒಣಗಿಸಿ ಕಳಿಸಿ.

ಪ್ರಶ್ನೆ: ಸಾವಯವದಿಂದ ಮಣ್ಣಿಗೆ ಹಾನಿಯಾಗುವುದೇ ಇಲ್ಲ ಎನ್ನಬಹುದೇ?

ಉತ್ತರ: ಹಾಗೆನ್ನಲಾಗದು. ಸಾರಜನಕದ ಲೆಕ್ಕ ಹಿಡಿದು ವರ್ಷ ವರ್ಷವೂ ಕೋಳಿ ಗೊಬ್ಬರ ಸುರಿದರೆ ರಂಜಕ ಬೆಳೆಯ ಅಗತ್ಯ ಮೀರಿ ಕೂಡುತ್ತದೆ, ಮಳೆಯಲ್ಲಿ ಕೊಚ್ಚಿ ಕೆರೆ ಸೇರಿದರೆ ಪಾಚಿ ಕಟ್ಟುತ್ತದೆ. ಸಾವಯವದಲ್ಲಿ ಅನುಮತಿ ಇರುವ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ತಾಮ್ರ ಮಣ್ಣಿನಲ್ಲಿ ಕೊಳೆಯುವುದಿಲ್ಲ. ದಶಕಗಳ ಕಾಲ ಸಿಂಪಡಿಸಿದ ತೋಟಗಳಲ್ಲಿ ಅದು ಶೇಖರವಾಗಿ ಎರೆಹುಳುಗಳಿಗೆ ಕಂಟಕವಾಗುತ್ತದೆ.

ಹೊರಗಿನಿಂದ ತರುವ ಗೊಬ್ಬರದ ಬಗ್ಗೆ ವಿಶೇಷ ಎಚ್ಚರ ಬೇಕು. ಅಮಿನೋಪೈರಾಲಿಡ್‌ನಂಥ ಕಳೆನಾಶಕ ಸಿಂಪಡಿಸಿದ ಹುಲ್ಲನ್ನು ದನ ತಿಂದರೆ ಅದು ಸಗಣಿಯಲ್ಲೂ, ಕಳಿತ ಗೊಬ್ಬರದಲ್ಲೂ ಉಳಿದಿರುತ್ತದೆ. ಒಂದು ಪಾಲು ಗೊಬ್ಬರ, ಎರಡು ಪಾಲು ಒಳ್ಳೆಯ ಮಣ್ಣು ಬೆರೆಸಿ ಮೂರು ಕುಂಡ ತುಂಬಿ, ಗೊಬ್ಬರವಿಲ್ಲದ ಮಣ್ಣಿನ ಮೂರು ಕುಂಡ ಪಕ್ಕದಲ್ಲಿಟ್ಟು, ಎಲ್ಲದರಲ್ಲೂ ಹುರುಳಿಕಾಯಿ ಬೀಜ ಬಿತ್ತಿ. ಒಂದರ ನೀರು ಇನ್ನೊಂದಕ್ಕೆ ಹರಿಯಬಾರದು. ಮೂರು ವಾರದೊಳಗೆ ಗೊಬ್ಬರದ ಕುಂಡಗಳಲ್ಲಿ ಮಾತ್ರ ಹೊಸ ಎಲೆ ಬಟ್ಟಲಿನಂತೆ ಮಡಚಿಕೊಂಡು ಕಾಂಡ ತಿರುಚಿದರೆ, ಆ ಗೊಬ್ಬರವನ್ನು ದ್ವಿದಳ, ಟೊಮೆಟೊ, ಆಲೂಗಡ್ಡೆ ಬೆಳೆಯುವ ನೆಲಕ್ಕೆ ಹಾಕಬೇಡಿ. ಹುಲ್ಲುಗಾವಲಿಗೆ ಹರಡಬಹುದು.