ಜಾವಾ ಪ್ರಿಂಟರ್ ಲೈಬ್ರರಿಯನ್ನು ಫ್ಲಟರ್ ಆ್ಯಪ್‌ಗೆ ಜೋಡಿಸುವುದು ಹೇಗೆ?

ಕುಂಬಳೆಯ ಅಡಿಕೆ ಅಂಗಡಿಗೆ ಬಿಲ್ ಆ್ಯಪ್, ಬ್ಲೂಟೂತ್ ಪ್ರಿಂಟರ್, ಕೈಯಲ್ಲಿರುವುದು ಆಂಡ್ರಾಯ್ಡ್‌ನ ಜಾವಾ ಲೈಬ್ರರಿ ಮಾತ್ರ, ಅಲ್ವಾ? ಮೆಥಡ್ ಚಾನೆಲ್ ಸಾಕು, ಅಂದರೆ ಫ್ಲಟರ್‌ನ ಡಾರ್ಟ್ ಭಾಷೆಯ ಕೋಡಿನಿಂದ ಜಾವಾ ಕೋಡನ್ನು ಕರೆಯುವ ಸೇತುವೆ. ಸುಮ್ನೆ ಇಡೀ ಲೈಬ್ರರಿಗೆ ಹೊದಿಕೆ ಕೋಡ್ ಬರೆಯಬೇಡಿ. ಕನೆಕ್ಟ್, ಪ್ರಿಂಟ್, ಡಿಸ್‌ಕನೆಕ್ಟ್, ಇಷ್ಟೇ ಡಾರ್ಟ್ ಕಡೆಗೆ ಕಾಣಲಿ. ಕನೆಕ್ಟ್ ಬೇರೆ ಥ್ರೆಡ್‌ನಲ್ಲಿ ನಡೆಯಬೇಕು, ಇಲ್ಲದಿದ್ದರೆ ಸ್ಕ್ರೀನ್ ಅಲ್ಲೇ ನಿಂತುಬಿಡುತ್ತದೆ. ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಕನೆಕ್ಟ್ ಅನುಮತಿಯನ್ನು ಆ್ಯಪ್ ಓಡುವಾಗಲೇ ಕೇಳಬೇಕು.

ನಿಜವಾದ ತಲೆನೋವು ಕನ್ನಡ ಅಕ್ಷರ. ಅಗ್ಗದ ಥರ್ಮಲ್ ಪ್ರಿಂಟರ್‌ಗಳಲ್ಲಿ ಕನ್ನಡ ಫಾಂಟ್ ಸಾಮಾನ್ಯವಾಗಿ ಇರುವುದಿಲ್ಲ. ನೇರವಾಗಿ ಅಕ್ಷರ ಕಳಿಸಿದರೆ ಏನೇನೋ ಗೀಟು ಬರುತ್ತದೆ. ಮಲಯಾಳಕ್ಕೂ ಅದೇ ಗತಿ! ಬಿಲ್ಲನ್ನು ಫೋನಿನಲ್ಲೇ ಚಿತ್ರ ಮಾಡಿ, ಕಪ್ಪು-ಬಿಳುಪು ಬಿಟ್‌ಮ್ಯಾಪ್ ಆಗಿ ಕಳಿಸಿ. 58 ಮಿ.ಮೀ. ಕಾಗದದ ಪ್ರಿಂಟರ್‌ಗೆ ಸಾಮಾನ್ಯವಾಗಿ 384 ಚುಕ್ಕಿ ಅಗಲ.

ಐಫೋನ್ ಕೂಡ ಬೇಕಿದ್ದರೆ ಬಿಎಲ್ಇ (ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್) ಇರುವ ಪ್ರಿಂಟರನ್ನೇ ಕೊಳ್ಳಲು ಹೇಳಿ.